ಭರಣಿ ಮಳಿ ಹೊತ್ತಿನ್ಯಾಗ ಕಪ್ಪತಗುಡ್ಡದ ಕಡೆ ಚಿಕ್ಕಿ ನೋಡಾಕ ಹೊಂಟೀವಿ, ಆ್ಯಪ್ 60% ಮೋಡ ಅಂತೈತಿ. ಹೋಗೂದೋ ಬ್ಯಾಡೋ?

ಉಣಕಲ್_ಕೆರಿದಂಡಿ · ಬುಧವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿಯಿಂದ ನಾವು ಒಂಬತ್ತು ಮಂದಿ, ಅದ್ರಾಗ ಮೂರು ಸಣ್ಣ ಹುಡುಗ್ರು, ಮತ್ತ ನಮ್ಮವ್ವ, ಈ ಶನಿವಾರ ಅಮಾಸಿ ರಾತ್ರಿ ಡಂಬಳದ ಆಚಿ ನಮ್ಮ ಬೀಗರ ಹೊಲದಾಗ ಇದ್ದು ಬೆಳತನಕ ಚಿಕ್ಕಿ ನೋಡೂದು ಅಂತ ಎರಡು ತಿಂಗಳಿಂದ ಮಾತಾಡಿಕೊಂಡು ಬಂದೀವಿ, ಮಂಗಳವಾರ ಬಸವ ಜಯಂತಿ ಸೂಟಿ ಬ್ಯಾರೆ ಐತಿ ಹಂಗಾಗಿ ಎಲ್ಲಾರಿಗೂ ಬಿಡುವು ಕೂಡಿ ಬಂತು. ಆದ್ರ ನಿನ್ನೆಯಿಂದ ಮೂರು ಆ್ಯಪ್ ನೋಡಾಕತ್ತೀನಿ, ಒಂದು 60% ಮೋಡ ಅಂತೈತಿ, ಒಂದು ಗುಡುಗು ಮಳಿ ಅಂತೈತಿ, ಇನ್ನೊಂದು ಬರೇ ಅರ್ಧ ಸೂರ್ಯನ ಚಿತ್ರ ತೋರಿಸಿ ಸುಮ್ಮನಾಗತೈತಿ. ನನ್ನ ಮಗಳು ಹುಟ್ಟಿದಾಗಿಂದ ಆಕಾಶಗಂಗಿ ನೋಡಿಲ್ಲ, ಖರೇ ಹೇಳಬೇಕಂದ್ರ ನಾನೂ ಸಣ್ಣಾಕಿದ್ದಾಗ ಅಜ್ಜನ ಮನಿ ಮಾಳಿಗಿ ಮ್ಯಾಲ ನೋಡಿದ್ದ ಕಡೀದು. ಕ್ಯಾನ್ಸಲ್ ಮಾಡೂಣೋ, ಮುಂದಿನ ಅಮಾಸಿಗೆ ಹಾಕೂಣೋ, ಹೋಗೇ ಬಿಡೂಣೋ? ತಿಳದವರು ಹೇಳ್ರಿ.

ವಿದ್ಯಾನಗರ_ಹುಡುಗ · ಬುಧವಾರ ರಾತ್ರಿ 10:05

ಅಕ್ಕಾರ, 60% ಅಂದ್ರ ಹೋಗಬ್ಯಾಡ್ರಿ. ಹೋದ ವರ್ಷ ಇದೇ ಹೊತ್ತಿಗೆ ನಾವು ನಾಲ್ಕು ಮಂದಿ ಗಜೇಂದ್ರಗಡದ ಕಡೆ ಹೋಗಿ ರಾತ್ರಿ ಹತ್ತರ ತನಕ ಕಾಯ್ದು ಒಂದೂ ಚಿಕ್ಕಿ ಕಾಣದ ವಾಪಸ್ ಬಂದ್ವಿ, ಡೀಸೆಲ್ ದಂಡ, ಮನಸ್ಸು ಭಾಳ ಕೆಟ್ಟು ಹೋತು. ಹುಡುಗ್ರನ್ನ ಕರಕೊಂಡು ಹೋಗಿ ಹಂಗಾದ್ರ ಅವು ಮತ್ತೊಮ್ಮೆ ಬರಾಕ ಒಲ್ಲೆ ಅಂತಾವ. ಡಿಸೆಂಬರ್ ಜನವರಿಗೆ ಹಾಕ್ರಿ, ಆಗ ಮುಗಿಲು ಕನ್ನಡಿ ಇದ್ದಂಗ ಇರತೈತಿ.

ಧಾರವಾಡ_ಮಾಸ್ತರ · ಬುಧವಾರ ರಾತ್ರಿ 10:48

ತಮ್ಮಾ, ನೀವು ಹತ್ತಕ್ಕ ವಾಪಸ್ ಬಂದದ್ದ ತಪ್ಪಾಗ್ಯದ. ಇದನ್ನ ಬೈಯ್ಯಲಿಕ್ಕೆ ಹೇಳ್ತಿಲ್ಲ, ನಾನೂ ಇದೇ ತಪ್ಪು ಎಷ್ಟೋ ವರ್ಷ ಮಾಡೇನಿ.

ಏಪ್ರಿಲ್-ಮೇ ತಿಂಗಳದಾಗ ನಮ್ಮ ಕಡೆ ಎರಡು ಥರದ ಮೋಡ ಬರ್ತಾವ, ಇವೆರಡನ್ನ ಬ್ಯಾರೆ ಮಾಡಿ ನೋಡಬೇಕು. ಒಂದು, ಅಡ್ಡಮಳಿ ಮೋಡ. ಮುಂಜಾನೆ ಮುಗಿಲು ಸ್ವಚ್ಛ ಇರ್ತದ, ಹನ್ನೊಂದಕ್ಕ ಅರಳಿ ಇಟ್ಟಂಗ ಸಣ್ಣ ಸಣ್ಣ ಬಿಳಿ ಮೋಡ, ಮೂರಕ್ಕ ಹೂಕೋಸಿನಂಗ ಮ್ಯಾಲೆ ಮ್ಯಾಲೆ ಏರ್ತಾವ, ಸಂಜಿಗೆ ಗಾಳಿ, ಗುಡುಗು, ಒಮ್ಮೊಮ್ಮೆ ಆಣಿಕಲ್ಲು, ಒಂದು ತಾಸು ಹೊಡದು ಮುಗೀತು. ಈ ಮೋಡದ ಹೊಟ್ಟಿಗೆ ಹಿಟ್ಟು ಅಂದ್ರ ಕಾದ ನೆಲ. ಸೂರ್ಯ ಮುಳುಗಿ ನೆಲ ಆರಿತು, ಮಳಿ ಬಿದ್ದು ಇನ್ನಷ್ಟು ತಣ್ಣಗಾತು ಅಂದ್ರ ಕೆಳಗಿನಿಂದ ಬಿಸಿ ಗಾಳಿ ಏರೂದು ನಿಲ್ತದ, ಮೋಡ ತಾನ ಒಡದು ಹೋಗ್ತದ. ಮ್ಯಾಲಿನ ತೆಳು ಬಿಳಿ ಪದರ ಮಾತ್ರ ಇನ್ನೊಂದು ಎರಡು ತಾಸು ಉಳೀತದ, ಅದಕ್ಕ ಸೈರಣಿ ಬೇಕು. ಎರಡನೇದು, ಸಮುದ್ರದಾಗ ವಾಯುಭಾರ ಕುಸಿತ ಆದಾಗ ಬರೂ ಮೋಡ. ಅದು ಜಮಖಾನ ಹಾಸಿದಂಗ ಇಡೀ ಜಿಲ್ಲಾ ಮುಚ್ಚಿ ಎರಡು ಮೂರು ದಿವಸ ಕೂಡ್ತದ, ಹಗಲು ರಾತ್ರಿ ಅನ್ನೂದು ಅದಕ್ಕಿಲ್ಲ. ಎರಡನೇದು ಇದ್ರ ಮನ್ಯಾಗ ಮಲಕೊಳ್ರಿ. ಮೊದಲನೇದು ಇದ್ರ ಹೋಗ್ರಿ, ಆದ್ರ ನಡುರಾತ್ರಿಗೆ ಹೋಗ್ರಿ.

ಆ್ಯಪಿನ 60% ಈ ಎರಡನ್ನೂ ಒಂದ ತಕ್ಕಡಿಯೊಳಗ ಹಾಕ್ತದ, ತಾಸಿನ ಲೆಕ್ಕ ತಗದು ನೋಡಬೇಕು. ಅದಕ್ಕಿಂತ ಚಲೋದು ಇನ್ಸಾಟ್ ಉಪಗ್ರಹದ ಚಿತ್ರ, ಹವಾಮಾನ ಇಲಾಖೆ ವೆಬ್‌ಸೈಟಿನ್ಯಾಗ ಪುಕ್ಕಟ ಸಿಗ್ತದ. ರಾತ್ರಿ ನೋಡೂದಾದ್ರ ಇನ್ಫ್ರಾರೆಡ್ ಚಿತ್ರ ತಗೀರಿ, ಸಾದಾ ಚಿತ್ರದಾಗ ರಾತ್ರಿ ಎಲ್ಲಾ ಕಪ್ಪ ಕಾಣ್ತದ. ಗುಬ್ಬಿ ಗೂಡಿನಂಗ ಬಿಡಿ ಬಿಡಿ ಬಿಳಿ ಚುಕ್ಕಿ ಇದ್ರ ಅಡ್ಡಮಳಿ, ಗೋವಾದಿಂದ ಬಳ್ಳಾರಿ ತನಕ ಒಂದ ಬಿಳಿ ಹಾಸಿಗಿ ಇದ್ರ ಮಾತು ಮುಗೀತು.

ಇನ್ನೊಂದು ಮಾತು. ಈ ತಿಂಗಳ ಆಕಾಶಗಂಗಿಯ ನಡುವಿನ ದಪ್ಪ ಭಾಗ, ಅಂದ್ರ ಧನು-ವೃಶ್ಚಿಕದ ಕಡೇದು, ಏಳೂದ ರಾತ್ರಿ ಹತ್ತೂವರಿ ಸುಮಾರು. ರಾತ್ರಿ ಒಂದು ಹೊಡದ ಮ್ಯಾಲ ನೋಡೂವಷ್ಟು ಎತ್ತರ ಬರ್ತದ, ನಾಲ್ಕರ ಹೊತ್ತಿಗೆ ದಕ್ಷಿಣಕ್ಕ ದಿಗಂತ ಮತ್ತ ನೆತ್ತಿ ನಡುಮಧ್ಯ ನಿಲ್ತದ. ನಿಮಗ ಬೇಕಾದದ್ದೂ ನಡುರಾತ್ರಿ ಮ್ಯಾಲ, ಮೋಡ ಹೋಗೂದೂ ನಡುರಾತ್ರಿ ಮ್ಯಾಲ. ಡಿಸೆಂಬರಿಗೆ ಹಾಕಿದ್ರ ಮೋಡ ಇರೂದಿಲ್ಲ ಖರೆ, ಆದ್ರ ಆಗ ಆ ಭಾಗ ಸೂರ್ಯನ ಬಾಜೂಕ ಇರ್ತದ, ಕಾಣಂಗಿಲ್ಲ. ನಿಮ್ಮ ಮಗಳಿಗೆ ತೋರಸಬೇಕಾದದ್ದು ಅದ ಅಲ್ಲೇನು?

ಹಾವೇರಿ_ಏಲಕ್ಕಿ · ಗುರುವಾರ ಮುಂಜಾನೆ 7:15

ಮಾಸ್ತರ ಹೇಳಿದ್ದು ಓದಿ ಗೊತ್ತಾತು, ನಾವೂ ರಾತ್ರಿ ಊಟಕ್ಕ ಮೊದಲ ನೋಡಿ ಮಲಗೂ ಮಂದಿ. ಆದ್ರೂ ನಂದೊಂದು ಪ್ರಶ್ನಿ, ಇಷ್ಟೆಲ್ಲಾ ಕಷ್ಟ ಪಡೂದಕ್ಕಿಂತ ಆ ಡಾರ್ಕ್ ಸ್ಕೈ ಪಾರ್ಕ್ ಅಂತಾರಲ್ರಿ, ಪೇಂಚ್‌ನಾಗ ಐತಿ ಅಂತ ಓದಿದ್ದೆ, ಅಲ್ಲೇ ಹೋಗೂದು ಚಲೋ ಅಲ್ಲೇನ್ರಿ? ಅಲ್ಲೆ ಮೋಡ ಇರಂಗಿಲ್ಲೇನು?

ಬೆಟಗೇರಿ_ದುರ್ಬೀನು · ಗುರುವಾರ ಮುಂಜಾನೆ 8:02

ಅಕ್ಕಾರ, ಡಾರ್ಕ್ ಸ್ಕೈ ಪಾರ್ಕ್ ಅಂದ್ರ ಅಲ್ಲಿ ದೀಪದ ಬೆಳಕು ಕಡಿಮಿ ಐತಿ, ಅದನ್ನ ಹಂಗ ಉಳಸಾಕ ನಿಯಮ ಮಾಡ್ಯಾರ ಅಂತ ಅರ್ಥ, ಮೋಡ ಇರಂಗಿಲ್ಲ ಅಂತ ಅಲ್ಲ. ನಾಗಪುರದ ಹಂತೇಕಿರೋ ಪೇಂಚ್ ಹುಲಿ ಕಾಡಿಗೆ 2024ರ ಜನವರಿಯೊಳಗ ಆ ಮನ್ನಣೆ ಸಿಕ್ತು, ಭಾರತದಾಗ ಮೊದಲನೇದು, ಏಷ್ಯಾದಾಗ ಐದನೇದು. ಅಲ್ಲೆ ಅವರು ಮಾಡಿದ ಕೆಲಸ ಕೇಳ್ರಿ: ವಾಘೋಲಿ, ಸಿಲ್ಲಾರಿ, ಪಿಪರಿಯಾ, ಖಾಪಾ ಅಂತ ಹಳ್ಳಿಗಳ ನೂರಕ್ಕೂ ಹೆಚ್ಚು ಬೀದಿ ದೀಪ ತಗದು, ಬೆಳಕು ಬರೇ ನೆಲಕ್ಕ ಬೀಳೂವಂಥ ದೀಪ ಹಾಕಿದ್ರು. ಹಳ್ಳಿ ಕತ್ತಲಿ ಆಗಲಿಲ್ಲ, ಮುಗಿಲು ಮಾತ್ರ ಕತ್ತಲಾತು. ಇನ್ನೊಂದು ಲಡಾಖಿನ ಹಾನ್ಲೆ, ಅಲ್ಲೆ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕ ಐತಿ, ಸುಮಾರು 4500 ಮೀಟರ್ ಎತ್ತರ, ಅಲ್ಲಿ ಉಸಿರಾಡೂದ ಒಂದು ಕೆಲಸ, ಸಣ್ಣ ಹುಡುಗ್ರು ವಯಸ್ಸಾದವರನ್ನ ಕರಕೊಂಡು ಅವಸರಕ್ಕ ಹೋಗೂ ಜಾಗಾ ಅಲ್ಲ.

ಮತ್ತ ನಮ್ಮ ಕಡೆ ಇದ್ದವರಿಗೆ ಒಂದು ಲಾಭ ಐತಿ, ಅದನ್ನ ಯಾರೂ ಹೇಳಂಗಿಲ್ಲ. ನಾವು ಇರೂದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಾಗ, ಧ್ರುವ ನಕ್ಷತ್ರನೂ ನೆಲದಿಂದ ಅಷ್ಟ ಡಿಗ್ರಿ ಮ್ಯಾಲ ಕಾಣತೈತಿ. ಕೈ ಚಾಚಿ ಮುಷ್ಟಿ ಹಿಡದ್ರ 10 ಡಿಗ್ರಿ, ಅಂದ್ರ ಧ್ರುವ ನಕ್ಷತ್ರ ಉತ್ತರಕ್ಕ ಬರೇ ಒಂದೂವರಿ ಮುಷ್ಟಿ ಎತ್ತರದಾಗ ಇರತೈತಿ, ಹುಬ್ಬಳ್ಳಿ ಬೆಳಕಿನ್ಯಾಗ ಅದು ಸಿಗೂದು ಕಷ್ಟ. ಆದ್ರ ದಕ್ಷಿಣದ ಮುಗಿಲು ನಮಗ ಭಾಳ ಆಳದ ತನಕ ತೆರದಿರತೈತಿ. ತ್ರಿಶಂಕು ಅನ್ನೂ ಚಿಕ್ಕಿ ಗುಂಪು (ಸದರ್ನ್ ಕ್ರಾಸ್) ಈ ಅಮಾಸಿಗೆ ರಾತ್ರಿ ಹತ್ತೂವರಿ ಸುಮಾರು ದಕ್ಷಿಣಕ್ಕ ನೆಟ್ಟಗ ನಿಂತಿರತೈತಿ, ಕೆಳಗಿನ ಚಿಕ್ಕಿ ನೆಲದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮ್ಯಾಲ. ಲಡಾಖಿಗೆ ಹೋದವರಿಗೆ ಇದು ಏಳೂದ ಇಲ್ಲ. ಒಮೆಗಾ ಸೆಂಟಾರಿ ಅಂತ ಒಂದು ಗುಚ್ಛ ಐತಿ, ಬರಿಗಣ್ಣಿಗೆ ಒರಸಿದ ಚಿಕ್ಕಿ ಇದ್ದಂಗ, 10x50 ದುರ್ಬೀನಿನ್ಯಾಗ ರವಾ ಉಂಡಿ ಒಡದಂಗ. ಸುಮಾರು ಒಂದು ಕೋಟಿ ನಕ್ಷತ್ರ ಅದರಾಗ. ದೊಡ್ಡ ಟೆಲಿಸ್ಕೋಪ್ ಖರೀದಿ ಮಾಡಬ್ಯಾಡ್ರಿ ಈಗ, ಒಂದು ದುರ್ಬೀನು, ಒಂದು ಚಾಪಿ ಸಾಕು.

ಡಂಬಳದ_ಹೊಲದಾಂವ · ಗುರುವಾರ ಮಧ್ಯಾಹ್ನ 1:30

ತಂಗಿ, ನಮ್ಮೂರ ಕಡೆ ಬರಾಕತ್ತೀರಿ ಅಂದ್ರ ಭಾಳ ಸಂತೋಷ. ಮುಗಿಲಿಂದು ಮಾಸ್ತರ ಹೇಳ್ಯಾರ, ನಾ ನೆಲದ ಮಾತು ಹೇಳ್ತೀನಿ. ನಿಮ್ಮ ಬೀಗರ ಹೊಲ ಎರಿನೋ ಮಸಾರಿನೋ ಮೊದಲ ಕೇಳ್ರಿ. ಎರಿ, ಅಂದ್ರ ಕರಿ ನೆಲದ ಹೊಲ ಆಗಿದ್ರ ಅರ್ಧ ತಾಸು ಮಳಿ ಆದ್ರ ಸಾಕು, ಕಾರಿನ ಗಾಲಿ ರಾಗಿ ಮುದ್ದಿಯಾಗ ಬೆರಳು ಹೋದಂಗ ಹೋಗತೈತಿ, ಬೆಳಿಗ್ಗೆ ಟ್ರ್ಯಾಕ್ಟರ್ ಹಚ್ಚಿ ಎಳಸೂತನಕ ಅಲ್ಲೇ. ಮಸಾರಿ ಕೆಂಪು ನೆಲ ನೀರು ಹಿಡಿಯಂಗಿಲ್ಲ, ಗುಡ್ಡದ ಬುಡಕ್ಕ ಅದ ಜಾಸ್ತಿ. ಏನ ಇರಲಿ, ಗಾಡಿ ಡಾಂಬರು ರಸ್ತಾ ಮ್ಯಾಲ ಊರಕಡೆ ಮುಖ ಮಾಡಿ ನಿಲ್ಲಸ್ರಿ, ಹೊಲದೊಳಗ ನಡಕೊಂಡು ಹೋಗ್ರಿ. ಈಗ ಬೆಳಿ ಇಲ್ಲ, ಕಣ ಸ್ವಚ್ಛ ಇರತಾವ, ಕಣದ ಮ್ಯಾಲ ಜಮಖಾನ ಹಾಸಿದ್ರ ಅಡ್ಡಿ ಇಲ್ಲ. ಹಾವು ಚೇಳು ಸೆಕಿಗೆ ಹೊರಗ ಬರೂ ಕಾಲ, ಮಳಿ ಆದ ಮ್ಯಾಲ ಇನ್ನೂ ಜಾಸ್ತಿ, ಎಲ್ಲಾರೂ ಬೂಟು ಹಾಕ್ರಿ, ಬದುವಿನ ಕಲ್ಲಿನ ಮ್ಯಾಲ ಕೂಡಬ್ಯಾಡ್ರಿ.

ಮತ್ತ ಯಾರರ ಗುಡ್ಡದ ಮ್ಯಾಲ ಹೋಗೂಣು ಅಂದ್ರ ಒಪ್ಪಬ್ಯಾಡ್ರಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ ಐತಿ, ಸುಮಾರು 244 ಚದರ ಕಿಲೋಮೀಟರ್, ಅನುಮತಿ ಇಲ್ಲದ ರಾತ್ರಿ ಒಳಗ ಹೋಗೂದು ಅಪರಾಧ. ತ್ವಾಳ, ಕತ್ತಿಕಿರುಬ, ಚಿರತಿ ಅದಾವ, ಅವಕ್ಕೂ ಕತ್ತಲಿ ಬೇಕು. ಸಿಡ್ಲು ಬಡಿಯೂದೂ ಎತ್ತರಕ್ಕ ಮೊದಲು. ಪಶ್ಚಿಮಕ್ಕ ಗುಡ್ಡದ ಮ್ಯಾಲಿನ ಗಾಳಿ ಫ್ಯಾನಿನ ಕೆಂಪು ದೀಪ ಮಿಣುಕ್ ಮಿಣುಕ್ ಅಂತಾವ, ಅದಕ್ಕ ಬೆನ್ನು ಮಾಡಿ ಕೂತ್ರ ದಕ್ಷಿಣ ಪೂರ್ವ ಎರಡೂ ಚಲೋ ಕಾಣತಾವ.

ವಿದ್ಯಾನಗರ_ಹುಡುಗ · ಗುರುವಾರ ಸಂಜಿ 6:20

ಮಾಸ್ತರ, ನೀವು ಹೇಳಿದ್ದು ಒಪ್ಪತೀನಿ, ನಾವು ಭಾಳ ಜಲ್ದಿ ಬಂದ್ವಿ ಅಂತ ಈಗ ಅನ್ನಸಾಕತ್ತೈತಿ. ಆದ್ರ ಸಿಡಿಲಿನ ಅಂಜಿಕಿ ನನಗ ಖರೇನ ಐತಿ. ಬಯಲು ಹೊಲದಾಗ ಹುಡುಗ್ರನ್ನ ಕೂಡ್ರಿಸಿಕೊಂಡು ಸಂಜಿ ಗುಡುಗು ಮಳಿ ಬರತೈತಿ ಅಂತ ಗೊತ್ತಿದ್ದೂ ಹೋಗೂದು ಸರಿ ಅಲ್ಲ ಅನ್ನೂದು ನನ್ನ ಮಾತು. ಮಳಿ ನಿಂತ ಮ್ಯಾಲ ಮನಿ ಬಿಟ್ರ ಆಗಂಗಿಲ್ಲೇನ್ರಿ?

ಧಾರವಾಡ_ಮಾಸ್ತರ · ಗುರುವಾರ ಸಂಜಿ 7:00

ಸರಿಯಾದ ಅಂಜಿಕಿ, ಅದನ್ನ ಬಿಡಬ್ಯಾಡ್ರಿ. ಬಯಲಾಗ ಸಂಜಿ ಕೂಡೂ ಮಾತ ಇಲ್ಲ. ಪಕ್ಕಾ ಮನಿ ಇಲ್ಲಾ ಕಬ್ಬಿಣದ ಮಾಡಿನ ಕಾರು, ಎರಡರಾಗ ಒಂದು ಓಡಿ ಹೋಗೂವಷ್ಟು ಹತ್ರ ಇರಬೇಕು. ಮಿಂಚಿದ ಕೂಡಲೇ ಎಣಸಲಿಕ್ಕೆ ಸುರು ಮಾಡ್ರಿ, ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರ್ತದ. 30 ಎಣಸೂದ್ರೊಳಗ ಗುಡುಗು ಕೇಳಿದ್ರ ಎಲ್ಲಾರೂ ಒಳಗ, ಕಡೀ ಗುಡುಗು ಕೇಳಿ 30 ನಿಮಿಷ ಆಗೂತನಕ ಯಾರೂ ಹೊರಗ ಬರಂಗಿಲ್ಲ. ಗಿಡದ ಬುಡಕ್ಕ ನಿಲ್ಲೂದಂತೂ ಬ್ಯಾಡೇ ಬ್ಯಾಡ. ಪುಣೆದ ಹವಾಮಾನ ಸಂಸ್ಥೆಯವರು ಮಾಡಿದ ದಾಮಿನಿ ಆ್ಯಪ್ ಹಾಕೋರಿ, ನೀವಿರೂ ಜಾಗಾದ ಸುತ್ತ 20, 40 ಕಿಲೋಮೀಟರ್ ಒಳಗ ಸಿಡ್ಲು ಬಿದ್ರ ಹೇಳ್ತದ.

ಮಳಿ ನಿಂತ ಮ್ಯಾಲ ಹುಬ್ಬಳ್ಳಿಯಿಂದ ಹೊರಡೂದು ಅಂದ್ರ ನಡುರಾತ್ರಿ ಒದ್ದಿ ರಸ್ತಾ, ನಿದ್ದಿಗಣ್ಣಿನ ಡ್ರೈವರ್. ಅದು ಸಿಡ್ಲಿಗಿಂತ ಜಾಸ್ತಿ ಅಪಾಯ ಅಂತ ನನ್ನ ತಿಳುವಳಿಕಿ. ಬೆಳಕಿದ್ದಾಗ ಹೋಗಿ ಬೀಗರ ಮನಿಯೊಳಗ ಕೂಡ್ರಿ, ಉಂಡು ಹುಡುಗ್ರನ್ನ ಮಲಗಸ್ರಿ, ಒಂದು ಗಂಟೆಗೆ ಎಬ್ಬಸ್ರಿ.

ಉಣಕಲ್_ಕೆರಿದಂಡಿ · ಶುಕ್ರವಾರ ರಾತ್ರಿ 9:10

ಎಲ್ಲಾರೂ ಇಷ್ಟು ಮನಸಿಟ್ಟು ಬರದೀರಿ, ಭಾಳ ಉಪಕಾರ ಆತ್ರಿ. ಬೀಗರಿಗೆ ಫೋನ್ ಮಾಡಿದ್ದೆ, ಮಸಾರಿ ಹೊಲ ಅಂತ, ಬಾಜೂಕ ಆರ್‌ಸಿಸಿ ಮನಿ ಐತಿ. ಉಪಗ್ರಹದ ಚಿತ್ರ ಇವತ್ತ ಮೂರು ಸಲ ನೋಡಿದೆ, ಬಿಡಿ ಬಿಡಿ ಚುಕ್ಕಿ ಅದಾವ, ಹಾಸಿಗಿ ಇಲ್ಲ. ಹೋಗೂದು ಅಂತ ಗಟ್ಟಿ ಆತು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಮಡಿಕಿ ಹಾಕಿ ರಬ್ಬರ್ ಕಟ್ಟೀವಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚುರಮರಿ, ನಾಲ್ಕು ಕೌದಿ. ಇನ್ನೇನರ ಬೇಕಂದ್ರ ಹೇಳ್ರಿ.

ಬೆಟಗೇರಿ_ದುರ್ಬೀನು · ಶುಕ್ರವಾರ ರಾತ್ರಿ 9:35

ಒಣ ಹತ್ತಿ ಅರಬಿ ಎರಡು ಇಟ್ಕೋರಿ, ಮಳಿ ಆದ ರಾತ್ರಿ ದುರ್ಬೀನಿನ ಕಾಜಿಗೆ ಇಬ್ಬನಿ ಹಿಡೀತೈತಿ. ಒಬ್ಬರು ಮೊಬೈಲ್ ತಗದು ಬೆಳಕು ಮಾಡಿದ್ರೂ ಎಲ್ಲಾರ ಕಣ್ಣೂ ಮತ್ತ 20-30 ನಿಮಿಷ ಹಿಂದಕ್ಕ ಹೋಗತಾವ, ಹಂಗಾಗಿ ಮೊಬೈಲ್ ಎಲ್ಲಾ ಒಂದು ಚೀಲದಾಗ ಹಾಕಿ ಅವ್ವನ ಕೈಯಾಗ ಕೊಡ್ರಿ. ಹಗಲ ಹೊತ್ತಿದ್ರ ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೋಗಿ ಬರ್ರಿ, 12ನೇ ಶತಮಾನದ ಗುಡಿ, ಅದರ ತಳವಿನ್ಯಾಸ 24 ಮೂಲಿಯ ನಕ್ಷತ್ರ. ಗೋಡಿ ಸುತ್ತ ಒಂದು ಸುತ್ತು ಹಾಕಿದ್ರ ಮೂಲಿ ಎಣಸೂದು ಹುಡುಗ್ರಿಗೆ ಚಲೋ ಆಟ.

ಉಣಕಲ್_ಕೆರಿದಂಡಿ · ಶನಿವಾರ ರಾತ್ರಿ 9:25

ಮಳಿ ಹಿಡದೈತಿ. ಒಳಗ ಕೂತೀವಿ. ಮಿಂಚು-ಗುಡುಗು ನಡುವ 40 ಎಣಸಿದ್ವಿ, ಆಮ್ಯಾಲ 22, ಆಗ ಎಲ್ಲಾ ಬಿಟ್ಟು ಓಡಿ ಬಂದ್ವಿ. ಕರೆಂಟ್ ಹೋಗೇತಿ. ನೆಟ್‌ವರ್ಕ್ ಒಂದ ಕಡ್ಡಿ.

ಧಾರವಾಡ_ಮಾಸ್ತರ · ಶನಿವಾರ ರಾತ್ರಿ 9:31

ಮಲಕೊಳ್ರಿ. ಧಾರವಾಡದಾಗ ಏಳಕ್ಕ ಹೊಡದು ನಿಂತ್ತು, ಈಗ ಪೂರ್ವಕ್ಕ ಬರೇ ಮಿಂಚು ಕಾಣಸ್ತದ, ಅದ ನಿಮ್ಮ ಮ್ಯಾಲಿಂದು ಇರಬೇಕು.

ಉಣಕಲ್_ಕೆರಿದಂಡಿ · ಸೋಮವಾರ ಮುಂಜಾನೆ 11:20

ನಿನ್ನೆ ಇಡೀ ದಿವಸ ನಿದ್ದಿ ಮಾಡಿದ್ವಿ, ಅದಕ್ಕ ತಡಾ ಆತು. ಪೂರಾ ಬರೀತೀನಿ, ಮುಂದ ಹೋಗೂವರಿಗೆ ಉಪಯೋಗ ಆದೀತು.

ಸಂಜಿ ಏಳೂವರಿ ಎಂಟರ ನಡುವ ಪಶ್ಚಿಮದಾಗ ಮೋಡ ಒಂದೀಟು ಬಿಟ್ಟಿತ್ತು, ಅಲ್ಲೆ ಗುಡ್ಡದ ಕಡೆ ಇಳಿಯಾಕತ್ತ ಮೂರು ಚಿಕ್ಕಿ ಸಾಲು ಕಂಡ್ವು. ನಾ ಮಗಳಿಗೆ ಒರಾಯನ್, ಮಹಾವ್ಯಾಧ ಅಂತ ಹೇಳಾಕ ಹೋದ್ರ ನಮ್ಮವ್ವ, ಅಯ್ಯ ಅದು ಕೂರಿಗಿ ಅಲ್ಲೇನ ಅಂದ್ಳು. ಮೂರು ತಾಳಿನ ಕೂರಿಗಿ. ಅಕಿ ತವರಮನಿಯೊಳಗ ಹಂಗ ಅಂತಿದ್ರಂತ. ನನಗ ನಲವತ್ತು ವರ್ಷ ಆತು, ಇಷ್ಟು ದಿವಸ ಅಕಿಗೆ ಚಿಕ್ಕಿ ಹೆಸರು ಗೊತ್ತೈತಿ ಅಂತ ನನಗ ಗೊತ್ತ ಇರಲಿಲ್ಲ, ನಾ ಕೇಳಿದ್ದೂ ಇಲ್ಲ.

ಮಳಿ ಹತ್ತೂ ಕಾಲಕ್ಕ ನಿಂತು. ಹನ್ನೊಂದೂವರಿಗೆ ಎದ್ದು ನೋಡಿದ್ರ ಮ್ಯಾಲ ಆ ಬಿಳಿ ಪದರ, ನಾಲ್ಕೈದು ಚಿಕ್ಕಿ ಮಸುಕ ಮಸುಕ. ನಮ್ಮ ಜೋಡಿ ಬಂದಿದ್ದ ಒಂದು ಮನಿಯವರು ಹೊಂಟೇ ಬಿಟ್ಟಿದ್ರು, ಕಾರಿನ ಚಾವಿ ಕೈಯಾಗ ಇತ್ತು. ನಾ ಈ ಥ್ರೆಡ್ ತಗದು ಮಾಸ್ತರ ಬರದಿದ್ದ ಓದಿ ಹೇಳಿದೆ, ಇನ್ನೆರಡು ತಾಸು ಅಂತ, ಬೇಡಿಕೊಂಡಂಗ ಹೇಳಿದೆ. ನಿಂತ್ರು.

12:50ಕ್ಕ ದಕ್ಷಿಣದ ಕಡೆ ಸೀಳು ಬಿಟ್ಟಿತು. ಒಂದೂವರಿಗೆ ಎಲ್ಲಾರನ್ನೂ ಎಬ್ಬಿಸಿದ್ವಿ. ಒಂದು ಸಂಗತಿ ನನಗ ಯಾರೂ ಮೊದಲ ಹೇಳಿರಲಿಲ್ಲ: ಹುಬ್ಬಳ್ಳಿಯೊಳಗ ರಾತ್ರಿ ಮೋಡ ಬೆಳ್ಳಗ ಕಾಣತಾವ, ಊರ ಬೆಳಕು ತಗುಲಿ. ಅಲ್ಲೆ ಮೋಡ ಕರ್ರಗ. ಮುಗಿಲಿಗಿಂತ ಕರ್ರಗ, ಚಿಕ್ಕಿ ಇಲ್ಲದ ತೂತು ಇದ್ದಂಗ, ಅವು ಸರದಂಗ ಸರದಂಗ ಹಿಂದಿಂದ ಚಿಕ್ಕಿ ಹೊರಗ ಬರತಿದ್ವು. ಊರಾಗ ಕರೆಂಟ್ ಇನ್ನೂ ಬಂದಿರಲಿಲ್ಲ, ವಾಯವ್ಯಕ್ಕ ಗದಗಿನ ಬೆಳಕು, ಆಗ್ನೇಯಕ್ಕ ಮುಂಡರಗಿದು ಸ್ವಲ್ಪ, ಉಳಿದದ್ದೆಲ್ಲಾ ಕತ್ತಲಿ. ಮಳಿ ಧೂಳು ತೊಳದಿತ್ತು. ವೃಶ್ಚಿಕದ ಕೊಂಡಿ ತನಕ ಪೂರಾ ಕಂಡಿತು, ಜ್ಯೇಷ್ಠಾ ಕೆಂಪಗ, ಅದರ ಎಡಕ್ಕ ಆಕಾಶಗಂಗಿ, ಅದರ ನಡುವಿನ ಕಪ್ಪು ಪಟ್ಟಿನೂ ಕಂಡಿತು. ಮಗಳು ಕೌದಿ ಹೊದ್ದು ಅಂಗಾತ ಮಲಕೊಂಡು ಒಂದು ತಾಸು ಮಾತ ಆಡಲಿಲ್ಲ. ಅಕಿ ಮಾತಾಡದ ಇರೂದು ಅಂದ್ರ ನಮ್ಮ ಮನಿಯೊಳಗ ದೊಡ್ಡ ಸುದ್ದಿ.

ತ್ರಿಶಂಕು ತಪ್ಪಿತು. ಹತ್ತೂವರಿಗೆ ಅದು ನಿಂತಾಗ ನಮ್ಮ ಮ್ಯಾಲ ಮೋಡ, ನಾವು ಹೊರಗ ಬಂದಾಗ ಅದು ನೆಲಕ್ಕ ಹತ್ತಿತ್ತು. ಅದರ ಬಾಜೂಕಿನ ಎರಡು ಚಿಕ್ಕಿ ಮಾತ್ರ ಸಿಕ್ಕವು, ಅದ್ರಾಗ ಒಂದು ನಮಗ ಭಾಳ ಹತ್ತಿರದ ನಕ್ಷತ್ರ ಆಲ್ಫಾ ಸೆಂಟಾರಿ, 4.37 ಜ್ಯೋತಿರ್ವರ್ಷ. ಒಮೆಗಾ ಸೆಂಟಾರಿ ಹುಡುಕಾಕ ಇಪ್ಪತ್ತು ನಿಮಿಷ ಹಿಡೀತು, ಸಿಕ್ಕಿತು, ದುರ್ಬೀನು ಅಣ್ಣಾರ ಹೇಳಿದ ರವಾ ಉಂಡಿ ಖರೇನ. ಮೂರರ ಮ್ಯಾಲ ನಾಲ್ಕು ಉಲ್ಕಿ ಎಣಿಸಿದ್ವಿ. ನಾಲ್ಕೂವರಿಗೆ ನೆಲದಿಂದ ಮಂಜು ಎದ್ದು ಎಲ್ಲಾ ಮುಚ್ಚಿಕೊಂಡಿತು.

ವಿದ್ಯಾನಗರ_ಹುಡುಗ · ಸೋಮವಾರ ಮಧ್ಯಾಹ್ನ 12:05

ಅಕ್ಕಾರ, ಹೋಗಬ್ಯಾಡ್ರಿ ಅಂತ ಮೊದಲ ಹೇಳಿದಾಂವ ನಾನ. ನೀವು ಹೋಗಿದ್ದು ಚಲೋ ಆತು. ಮುಂದಿನ ಸಲ ನಾನೂ ಬರತೀನಿ.

ಧಾರವಾಡ_ಮಾಸ್ತರ · ಸೋಮವಾರ ಮಧ್ಯಾಹ್ನ 12:40

ನಿಮ್ಮ ಅವ್ವನ ಕೂರಿಗಿ ಮಾತು ಓದಿ ನಾ ಎರಡು ಸಲ ಎದ್ದು ಕೂತೆ. ನೋಡ್ರಿ, ನಮ್ಮ ಮಳಿಗೋಳ ಹೆಸರು ಅಂದ್ರ ಆಗ ಸೂರ್ಯ ಇರೂ ನಕ್ಷತ್ರದ ಹೆಸರು. ಸೂರ್ಯ ಅಲ್ಲೇ ಇದ್ದಾನ ಅಂದ್ರ ಆ ನಕ್ಷತ್ರ ಆಗ ಕಾಣಂಗಿಲ್ಲ. ಈಗ ಭರಣಿ ಕಾಣಂಗಿಲ್ಲ, ಜೂನ್ ಮೊದಲ ವಾರ ಕಳದು ಮಿರಗ ಕೂಡಿದಾಗ ಮೃಗಶಿರಾ ಕಾಣಂಗಿಲ್ಲ. ಮೃಗಶಿರಾ ಇರೂದು ಆ ಮೂರು ಚಿಕ್ಕಿಯ ತಲಿ ಮ್ಯಾಲೇ. ಅಂದ್ರ ನಿಮ್ಮವ್ವನ ಕೂರಿಗಿ ಮಿರಗದ ಹೊತ್ತಿಗೆ ಮುಗಿಲಿನ್ಯಾಗ ಇರೂದಿಲ್ಲ.

ಉಣಕಲ್_ಕೆರಿದಂಡಿ · ಸೋಮವಾರ ಸಂಜಿ 5:50

ಮಾಸ್ತರ, ಇದನ್ನ ಅವ್ವಗ ಓದಿ ಹೇಳಿದೆ. ಮಿರಗಕ್ಕ ಬಿತ್ತಿಗಿ ಐತಲ್ಲ, ಆಗ ಕೂರಿಗಿ ಹೊಲದಾಗಿರತೈತಿ, ಮ್ಯಾಲ ಹೆಂಗ ಇರತೈತಿ ಅಂದ್ಳು.

ಡಂಬಳದ_ಹೊಲದಾಂವ · ಸೋಮವಾರ ರಾತ್ರಿ 8:15

ಅವ್ವಾರಿಗೆ ನಮ್ಮ ಶರಣು ಹೇಳ್ರಿ. ತಂಗಿ, ನಿಮ್ಮ ಬೀಗರ ಹೊಲದ ಹಂತೇಕ ಕೂಟದಾಗ ಹೊಸಾ ಹೈಮಾಸ್ಟ್ ದೀಪ ಹಾಕೂ ಮಾತು ಪಂಚಾಯ್ತಿಯೊಳಗ ನಡದೈತಿ. ದೀಪ ಬೇಕು, ಅಲ್ಲೆ ಕತ್ತಲಾಗ ಮಂದಿ ಬಿದ್ದಾರ. ಆದ್ರ ಆ ಪೇಂಚ್ ಕಡೆ ಹಾಕಿದಂಥ ಕೆಳಗ ಬೆಳಕು ಬೀಳೂ ದೀಪ ಹಾಕ್ರಿ ಅಂತ ಗ್ರಾಮಸಭಾದಾಗ ಕೇಳೂಣು ಅಂತ ಮಾಡೀನಿ. ಬೆಟಗೇರಿ ಅಣ್ಣಾರ, ಅದರ ಒಂದು ಚಿತ್ರ ಬರದು ಕಳಸ್ತೀರೇನು, ಕನ್ನಡದಾಗ, ನಮ್ಮ ಮಂದಿಗೆ ತೋರಸಾಕ?

ಬೆಟಗೇರಿ_ದುರ್ಬೀನು · ಸೋಮವಾರ ರಾತ್ರಿ 8:22

ಇವತ್ತ ರಾತ್ರಿನ ಕೂತು ಬರೀತೀನಿ, ನಾಳಿ ಇಲ್ಲೇ ಹಾಕತೀನಿ.